ಕಂಪನಿಯಲ್ಲಿ ಸಂಬಳ ಪಡೆಯುವ ಲಾಯರ್ ಕೋರ್ಟಿನಲ್ಲಿ ವಾದಿಸಬಹುದೇ?

ಕಾನೂನು ಪದವಿ ಮುಗಿಸಿ ಸನ್ನದು ಪಡೆದರೆ ಸಾಕು, ಕಂಪನಿಯಲ್ಲಿ ಸಂಬಳವನ್ನೂ ಪಡೆಯಬಹುದು, ಬೇಕೆಂದಾಗ ಕರಿಕೋಟು ಹಾಕಿಕೊಂಡು ವಾದವನ್ನೂ ಮಾಡಬಹುದು ಎಂದು ಹಲವರು ನಂಬಿದ್ದಾರೆ. ಕಂಪನಿಯ ಕಾನೂನು ವಿಭಾಗದಲ್ಲಿ ಇರುವವರನ್ನೂ ಕೋರ್ಟಿನಲ್ಲಿ ವಾದಿಸುವವರನ್ನೂ ನಾವು ‘ಲಾಯರ್’ ಎಂದೇ ಕರೆಯುತ್ತೇವೆ. ಆದರೆ ಭಾರತದ ಕಾನೂನು ಇವರಿಬ್ಬರನ್ನು ಒಂದೇ ಎಂದು ಎಣಿಸುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಯುವ ವಕೀಲರಿಗೆ ನ್ಯಾಯಾಧೀಶರಾಗುವ ಅವಕಾಶ ತಪ್ಪಬಹುದು. ಕಂಪನಿಯ ನೌಕರರು ತಮ್ಮ ಗುಟ್ಟನ್ನು ಹೇಳಬಾರದವರ ಬಳಿ ಹೇಳಿಬಿಡಬಹುದು.

ನಿಯಮ ಏನು ಹೇಳುತ್ತದೆ?

1961ರ ವಕೀಲರ ಅಧಿನಿಯಮದ ಪ್ರಕಾರ, ರಾಜ್ಯ ವಕೀಲರ ಪರಿಷತ್ತಿನ ಪಟ್ಟಿಯಲ್ಲಿ ಹೆಸರು ಇರುವವರಿಗೆ ಮಾತ್ರ ವಕೀಲಿ ವೃತ್ತಿ ನಡೆಸುವ ಹಕ್ಕಿದೆ. ಅವರ ನಡತೆಗಾಗಿ ಭಾರತೀಯ ವಕೀಲರ ಪರಿಷತ್ತು ನಿಯಮಗಳನ್ನು ಮಾಡಿದೆ. ಅದರ 49ನೇ ನಿಯಮದಂತೆ, ವೃತ್ತಿ ನಡೆಸುತ್ತಿರುವ ವಕೀಲರು ಯಾವುದೇ ವ್ಯಕ್ತಿ, ಸರ್ಕಾರ ಅಥವಾ ಸಂಸ್ಥೆಯ ಪೂರ್ಣಾವಧಿ ಸಂಬಳದ ನೌಕರರಾಗಿರುವಂತಿಲ್ಲ. ಅಂಥ ಕೆಲಸಕ್ಕೆ ಸೇರಿದರೆ ಪರಿಷತ್ತಿಗೆ ತಿಳಿಸಬೇಕು ಮತ್ತು ಆ ಕೆಲಸದಲ್ಲಿ ಇರುವಷ್ಟು ಕಾಲ ವಕೀಲಿ ವೃತ್ತಿ ನಿಲ್ಲಿಸಬೇಕು.

ಇದು ಕಾಗದದ ಮೇಲಷ್ಟೇ ಇರುವ ನಿಯಮವಲ್ಲ. ಹಿಮಾಚಲ ಪ್ರದೇಶ ವಿದ್ಯುತ್ ಮಂಡಳಿಯ ಕಾನೂನು ಅಧಿಕಾರಿಯೊಬ್ಬರ ವಕೀಲ ನೋಂದಣಿ ರದ್ದಾಗಿದ್ದನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಎತ್ತಿಹಿಡಿಯಿತು.

ಯಾಕೆ ಈ ಗೆರೆ?

ವಕೀಲರು ಕಕ್ಷಿದಾರರ ಪರವಾಗಿ ನಿಂತರೂ ಕೋರ್ಟಿಗೂ ಹೊಣೆಗಾರರು. ಕಕ್ಷಿದಾರರು ಸುಳ್ಳು ದಾಖಲೆ ಹಾಕಿ ಎಂದರೆ ‘ಆಗುವುದಿಲ್ಲ’ ಎಂದು ಹೇಳಿ ಕೇಸು ಬಿಟ್ಟುಕೊಡಬಹುದು. ಸಂಬಳಕ್ಕಿರುವವರು ಹಾಗೆ ಹೇಳಿದರೆ ಅವರ ಕೆಲಸಕ್ಕೇ ಕುತ್ತು ಬರಬಹುದು. ಒಬ್ಬ ವಕೀಲರಿಗೆ ಹತ್ತಾರು ಕಕ್ಷಿದಾರರಿರುತ್ತಾರೆ, ಕಂಪನಿಯ ಲಾಯರಿಗೆ ಇರುವುದು ಒಬ್ಬರೇ, ಅವರೇ ಯಜಮಾನರು. ಪ್ರಶ್ನೆ ಇರುವುದು ಯಾರು ಹೆಚ್ಚು ಜಾಣರು ಎಂಬುದರಲ್ಲಲ್ಲ, ಯಾರಿಗೆ ಎಷ್ಟು ಸ್ವಾತಂತ್ರ್ಯವಿದೆ ಎಂಬುದರಲ್ಲಿ.

ಸರ್ಕಾರಿ ಅಭಿಯೋಜಕರೂ ಸಂಬಳ ಪಡೆಯುತ್ತಾರಲ್ಲ ಎಂದು ನೀವು ಕೇಳಬಹುದು. ಕೋರ್ಟಿನಲ್ಲಿ ವಾದಿಸುವುದೇ ಅವರ ಕೆಲಸವಾದ್ದರಿಂದ ಅವರು ವಕೀಲರಾಗಿಯೇ ಉಳಿಯುತ್ತಾರೆ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ.

ಹಾಗಾದರೆ ಕಂಪನಿಯ ಲಾಯರ್ ಮಾಡುವುದೇನು?

ಚೆಕ್ ಬೌನ್ಸ್ ಪ್ರಕರಣವನ್ನೇ ನೋಡಿ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ, ಮುಂದಿನ ಒಂದು ತಿಂಗಳೊಳಗೆ ದೂರು ಸಲ್ಲಿಸಬೇಕು. ಈ ಗಡುವು ತಪ್ಪದಂತೆ ನೋಡಿಕೊಳ್ಳುವುದು, ದಾಖಲೆ ಹೊಂದಿಸುವುದು, ಹೊರಗಿನ ವಕೀಲರನ್ನು ಗೊತ್ತುಮಾಡಿ ವಿಷಯ ಮನದಟ್ಟು ಮಾಡಿಸುವುದು, ರಾಜಿಯೋ ಹೋರಾಟವೋ ಎಂದು ಆಡಳಿತಕ್ಕೆ ಸಲಹೆ ಕೊಡುವುದು ಕಂಪನಿ ಲಾಯರ್ ಕೆಲಸ. ವಕಾಲತ್ತು ಹಾಕಿ ವಾದಿಸುವುದು ಹೊರಗಿನ ವಕೀಲರು. ಕಂಪನಿ ಅಧಿಕಾರ ಕೊಟ್ಟರೆ ಅದರ ಲಾಯರ್ ಸಾಕ್ಷಿಕಟ್ಟೆ ಹತ್ತಿ ಪಾಟೀಸವಾಲು ಎದುರಿಸಬೇಕಾಗಲೂಬಹುದು.

ಮೊದಲು ಕೆಲವು ವರ್ಷ ಕೋರ್ಟಿನಲ್ಲಿ ಪಳಗಿದವರಿಗೆ ಇಲ್ಲಿ ಬೆಲೆ ಹೆಚ್ಚು. ಒಪ್ಪಂದದ ಯಾವ ಸಾಲು ಮುಂದೆ ಪಾಟೀಸವಾಲಿನಲ್ಲಿ ಕುಸಿದುಬೀಳುತ್ತದೆ ಎಂಬುದು ಅವರಿಗೆ ಬೇಗ ಕಾಣುತ್ತದೆ.

ಹೇಳಿದ ಮಾತು ಗುಟ್ಟಾಗಿ ಉಳಿಯುತ್ತದೆಯೇ?

ನೀವು ವಕೀಲರಿಗೆ ವೃತ್ತಿ ಸಂಬಂಧವಾಗಿ ಹೇಳಿದ್ದನ್ನು ಅವರು ನಿಮ್ಮ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಈ ರಕ್ಷಣೆ ಕೊಡುತ್ತದೆ. ಅಪರಾಧ ಎಸಗಲೆಂದೇ ಹೇಳಿದ ಮಾತಿಗೆ ಈ ರಕ್ಷಣೆ ಇಲ್ಲ.

ಕಂಪನಿಯ ಸಂಬಳದ ಲಾಯರುಗಳಿಗೆ ಈ ಕಲಮು ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರಂದು ತೀರ್ಪು ನೀಡಿತು. ಕಾನೂನು ಸಲಹೆಗಾರರ ಜೊತೆಗಿನ ಮಾತುಕತೆಗೆ 134ನೇ ಕಲಮು ಕೊಡುವ ಸೀಮಿತ ರಕ್ಷಣೆ ಮಾತ್ರ ಕಂಪನಿಗೆ ಸಿಗಬಹುದು.

ಎಲ್ಲ ದೇಶಗಳಲ್ಲೂ ಹೀಗೆಯೇ ಇಲ್ಲ. ಐರೋಪ್ಯ ಒಕ್ಕೂಟದ ಸ್ಪರ್ಧಾ ಕಾನೂನಿನ ತನಿಖೆಗಳಲ್ಲಿ ಇಂಥ ರಕ್ಷಣೆ ಇಲ್ಲವೆಂದು ಅಲ್ಲಿನ ನ್ಯಾಯಾಲಯ 2010ರಲ್ಲಿ ಹೇಳಿತು. ಅಮೆರಿಕದಲ್ಲಿ ರಕ್ಷಣೆ ಇದೆ, ಆದರೆ ಅಲ್ಲೂ ಅದು ಕಂಪನಿಯ ಸೊತ್ತು, ನೌಕರರದ್ದಲ್ಲ.

ಆದ್ದರಿಂದ ಕಚೇರಿಯ ಆಂತರಿಕ ವಿಚಾರಣೆಯಲ್ಲಿ ಕಂಪನಿಯ ಲಾಯರ್ ಎಷ್ಟೇ ಆತ್ಮೀಯವಾಗಿ ಮಾತಾಡಿಸಿದರೂ ಒಂದು ವಿಷಯ ನೆನಪಿರಲಿ: ಅವರು ನಿಮ್ಮ ವಕೀಲರಲ್ಲ. ನಿಮಗೆ ಸ್ವಂತ ಸಲಹೆ ಬೇಕಿದ್ದರೆ ಹೊರಗಿನ ವಕೀಲರನ್ನು ಕಾಣಿ.

ನ್ಯಾಯಾಧೀಶರಾಗುವ ಆಸೆ ಇದ್ದರೆ?

ವಕೀಲರ ವಲಯದಿಂದ ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಲು ಸಂವಿಧಾನದ 233ನೇ ವಿಧಿ ಕನಿಷ್ಠ 7 ವರ್ಷ ವಕೀಲರಾಗಿರಬೇಕು ಎನ್ನುತ್ತದೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ 3 ವರ್ಷದ ವಕೀಲಿ ಅನುಭವ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪಿತ್ತಿತು. ಸನ್ನದು ಅಮಾನತಿನಲ್ಲಿಟ್ಟು ಕಂಪನಿಯಲ್ಲಿ ಕಳೆದ ವರ್ಷಗಳು ವಕೀಲಿಯ ಲೆಕ್ಕಕ್ಕೆ ಸೇರುವುದಿಲ್ಲ.

ಹಾಗೆಂದು ಇದು ಮರಳಿ ಬಾರದ ದಾರಿಯಲ್ಲ. ಕಂಪನಿ ಬಿಟ್ಟ ಮೇಲೆ ಪರಿಷತ್ತಿಗೆ ಅರ್ಜಿ ಹಾಕಿ ಅಮಾನತು ತೆರವು ಮಾಡಿಸಿಕೊಂಡರೆ ಮತ್ತೆ ಕೋರ್ಟಿಗೆ ಹೋಗಬಹುದು. ತೊಂದರೆಗೆ ಸಿಲುಕುವುದು ಪರಿಷತ್ತಿಗೆ ತಿಳಿಸದೆ ಎರಡೂ ಕಡೆ ಕಾಲಿಟ್ಟವರು. ಅದು ವೃತ್ತಿಯ ದುರ್ನಡತೆ ಎನಿಸಿ ಶಿಸ್ತುಕ್ರಮಕ್ಕೆ ದಾರಿಯಾಗಬಹುದು. ಕಂಪನಿಯ ನೇಮಕಾತಿ ಪತ್ರ ಕೈಸೇರಿದ್ದರೆ, ಸೇರುವ ಮುನ್ನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೋ ನಿಮ್ಮ ಹೆಸರಿರುವ ಬೇರೆ ರಾಜ್ಯದ ಪರಿಷತ್ತಿಗೋ ಪತ್ರ ಬರೆದು, ಅದರ ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.