ನಡಿಗೆ ತಪ್ಪದಿರಲು ಮನಸ್ಸಿನ ಅಭ್ಯಾಸ

ಸಕ್ಕರೆ ಕಾಯಿಲೆಯವರಿಗೆ ವೈದ್ಯರು ತಪ್ಪದೆ ಹೇಳುವ ಮಾತು: ದಿನಾ ಅರ್ಧ ಗಂಟೆ ನಡೆಯಿರಿ. ನಮ್ಮ ಚಂದ್ರಾ ಲೇಔಟ್‌ನ ಮನೆಗಳಲ್ಲೂ ಈ ನಿರ್ಧಾರ ಎಷ್ಟೋ ಸಲ ಆಗಿ, ಮೂರನೇ ದಿನಕ್ಕೆ ನಿಂತಿದೆ. ತೆಳ್ಳಗಾದ ದೇಹವನ್ನು ಕಲ್ಪಿಸಿಕೊಂಡರೆ ಹುಮ್ಮಸ್ಸು ಬರುತ್ತದೆ ಎನ್ನುವವರಿದ್ದಾರೆ. ಬರುತ್ತದೆ, ಆದರೆ ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ.

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪರೀಕ್ಷೆಗೆ ಮುನ್ನ ಕೆಲವು ವಿದ್ಯಾರ್ಥಿಗಳು ಒಳ್ಳೆಯ ಅಂಕ ಬಂದ ಸಂತೋಷವನ್ನು ದಿನವೂ ಕಲ್ಪಿಸಿಕೊಂಡರು; ಇನ್ನು ಕೆಲವರು ತಾವು ಕುಳಿತು ಓದುತ್ತಿರುವುದನ್ನು. ಹೆಚ್ಚು ಅಂಕ ಪಡೆದವರು ಎರಡನೆಯ ಗುಂಪಿನವರು.

ನೀವೂ ರಾತ್ರಿ ಐದು ನಿಮಿಷ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಫಜ್ರ್ ನಮಾಝ್ ಮುಗಿಯಿತು, ಹಾಸಿಗೆ ಕರೆಯುತ್ತಿದೆ, ಆದರೂ ಶೂ ಹಾಕಿಕೊಂಡೆ, ಗೇಟು ದಾಟಿ 80 ಅಡಿ ರಸ್ತೆಯತ್ತ ನಡೆಯುತ್ತಿದ್ದೇನೆ ಎಂದು ಒಂದೊಂದೇ ಹೆಜ್ಜೆಯನ್ನು ಕಾಣಿರಿ. ಮಳೆ ಬಂದರೆ? ಮನೆಯೊಳಗೇ ಅಷ್ಟು ಹೊತ್ತು ನಡೆಯುವೆ ಎಂಬ ಉತ್ತರವೂ ಅದರಲ್ಲೇ ಇರಲಿ. ಕಣ್ಣು ತೆರೆದ ಮೇಲೆ ಎದ್ದುಹೋಗಿ ಶೂಗಳನ್ನು ಬಾಗಿಲ ಬಳಿ ಇಟ್ಟುಬನ್ನಿ (ಕಲ್ಪನೆಯ ಶೂ ಕಾಲಿಗೆ ಬರುವುದಿಲ್ಲ!).

ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ನಡೆಯಬಹುದೇ ಎಂದು ವೈದ್ಯರನ್ನು ಮೊದಲು ಕೇಳಿ. ಹೊರಡುವಾಗ ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇಟ್ಟುಕೊಳ್ಳಿ.