ದಾವಣಗೆರೆಯ ಕಾಲೇಜು ಕಬಡ್ಡಿ: ಒಂದು ಋತುವಿನ ಪರಿಚಯ

ದಾವಣಗೆರೆಯನ್ನು ಹೊರಗಿನವರಿಗೆ ಪರಿಚಯಿಸತಕ್ಕವರು ಸಾಮಾನ್ಯವಾಗಿ ಹತ್ತಿಯ ಗಿರಣಿಗಳಿಂದ ಪ್ರಾರಂಭಿಸಿ ಬೆಣ್ಣೆದೋಸೆಯಲ್ಲಿ ಮುಗಿಸುತ್ತಾರೆ. ಕೊಂಚ ವಿಸ್ತಾರವಾಗಿ ಹೇಳುವ ವ್ಯವಧಾನವುಳ್ಳವರು, ಗಿರಣಿಗಳ ಸದ್ದು ಅಡಗಿದ ಮೇಲೆ ಊರಿನ ಪ್ರತಿಷ್ಠೆಯನ್ನು ಹೊತ್ತು ನಿಂತ ವಿದ್ಯಾಸಂಸ್ಥೆಗಳನ್ನೂ ಹೆಸರಿಸುತ್ತಾರೆ. ಆದರೆ ಆ ವಿದ್ಯಾಸಂಸ್ಥೆಗಳ ಒಡಲಿನಲ್ಲಿಯೇ, ಪಾಠ ಪ್ರವಚನಗಳ ಮಗ್ಗುಲಲ್ಲಿ, ವರ್ಷವರ್ಷವೂ ತಪ್ಪದೆ ಬಂದು ಹೋಗುವ ಒಂದು ಋತುವಿದೆ. ಅಂತರ ಕಾಲೇಜು ಪಂದ್ಯಾವಳಿಗಳ ಆ ಋತುವಿನಲ್ಲಿ ನೂರಾರು ಯುವಕ ಯುವತಿಯರು ಓಡಿ, ಹಾರಿ, ಸೆಣಸಿ, ಬಿದ್ದು, ಎದ್ದು, ಕಡೆಗೆ ಒಂದು ಪ್ರಮಾಣಪತ್ರವನ್ನು ಹಿಡಿದು ಮನೆಗೆ ಮರಳುತ್ತಾರೆ. ದೂರದರ್ಶನದ ಕ್ಯಾಮೆರಾ ಅತ್ತ ತಿರುಗುವುದಿಲ್ಲ, ಟಿಕೆಟ್ಟಿನ ಮಾರಾಟವಿಲ್ಲ, ನೋಡಲು ಬಂದವರಲ್ಲಿ ಬಹುಪಾಲು ಅದೇ ಕಾಲೇಜಿನ ಸಹಪಾಠಿಗಳು.

ಈ ಋತುವಿನ ಅಂಗರಚನೆಯನ್ನು ತಿಳಿಯಬೇಕಾದರೆ ವಿಶ್ವವಿದ್ಯಾನಿಲಯದ ಚರಿತ್ರೆಯನ್ನು ಸ್ವಲ್ಪ ನೆನೆಯಬೇಕಾಗುತ್ತದೆ. 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಜನ್ಮ ತಾಳಿ, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಸಂದು, 2009ರಲ್ಲಿ ಸ್ವತಂತ್ರವಾದ ದಾವಣಗೆರೆ ವಿಶ್ವವಿದ್ಯಾನಿಲಯವು ಈಗ ತೋಳಹುಣಸೆಯ ಶಿವಗಂಗೋತ್ರಿಯಿಂದ ದಾವಣಗೆರೆ, ಚಿತ್ರದುರ್ಗ ಎಂಬ ಎರಡು ಜಿಲ್ಲೆಗಳ ಕಾಲೇಜುಗಳನ್ನು ಆಳುತ್ತಿದೆ. ಆದ್ದರಿಂದ ತುಂಗಭದ್ರೆಯ ದಡದ ಹರಿಹರದವರು ಚಳ್ಳಕೆರೆ ಹಿರಿಯೂರುಗಳ ಬಯಲುಸೀಮೆಯವರನ್ನು ಎದುರಿಸುವುದೂ, ಹೊನ್ನಾಳಿ ಚನ್ನಗಿರಿಗಳ ಭತ್ತದ ಗದ್ದೆ, ಅಡಿಕೆಯ ತೋಟಗಳಿಂದ ಬಂದ ಹುಡುಗರು ಜಗಳೂರಿನ ಬರದ ನೆಲದ ಹುಡುಗರೊಡನೆ ತೋಳುಬಲವನ್ನು ಅಳೆದುಕೊಳ್ಳುವುದೂ ಇಲ್ಲಿ ಪ್ರತಿವರ್ಷದ ಮಾತು.

ಇದರಲ್ಲೊಂದು ವಿಚಿತ್ರವಿದೆ. 1951ರಲ್ಲಿ ಸ್ಥಾಪಿತವಾದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜೂ 1979ರ ಬಾಪೂಜಿ ಇಂಜಿನಿಯರಿಂಗ್ ಕಾಲೇಜೂ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಸೇರಿವೆ, 1965ರ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಹೀಗಾಗಿ ಸರಸ್ವತಿ ನಗರದ ಒಂದೇ ಬೀದಿಯಲ್ಲಿ ಆಡಿ ಬೆಳೆದ ಮೂವರು ಗೆಳೆಯರಲ್ಲಿ ಬಿ.ಎ. ಓದುವವನು ಒಂದು ವಿಶ್ವವಿದ್ಯಾನಿಲಯದ ಅಂಗಿಯನ್ನೂ, ಇಂಜಿನಿಯರಿಂಗ್ ಓದುವವನು ಮತ್ತೊಂದರದನ್ನೂ, ವೈದ್ಯನಾಗಹೊರಟವನು ಮೂರನೆಯದರದನ್ನೂ ತೊಟ್ಟು, ತವರಿನಲ್ಲಿ ಒಂದೇ ಪಾಳಯದವರಾಗಿದ್ದವರು ಹೊರನಾಡಿನ ಅಂಕಣದಲ್ಲಿ ಪರಸ್ಪರ ಎದುರಾಳಿಗಳಾಗಿ ನಿಲ್ಲುವ ಸಂಭವವುಂಟು.

ಋತುವಿನ ಸೂತ್ರಧಾರರು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ವಿದ್ಯಾರ್ಥಿಗಳ ಬಾಯಲ್ಲಿ ಅವರು ಕೇವಲ ‘ಪಿ.ಡಿ. ಸರ್’. ಯಾವ ಆಟದ ಪಂದ್ಯಾವಳಿಯನ್ನು ಯಾವ ಕಾಲೇಜು ನಡೆಸತಕ್ಕದ್ದೆಂದು ವಿಶ್ವವಿದ್ಯಾನಿಲಯವು ಹಂಚಿಕೊಟ್ಟ ದಿನದಿಂದ ಆತಿಥ್ಯ ವಹಿಸಿದ ಕಾಲೇಜು ಮದುವೆಯ ಮನೆಯಂತಾಗುತ್ತದೆ: ನೆಲವನ್ನು ಸಮಮಾಡಿ ಸುಣ್ಣದ ಗೆರೆ ಎಳೆಸುವುದು, ತೀರ್ಪುಗಾರರನ್ನು ಗೊತ್ತುಮಾಡುವುದು, ದೂರದಿಂದ ಬಂದ ತಂಡಗಳಿಗೆ ಊಟ ವಸತಿಗಳನ್ನು ಅಣಿಗೊಳಿಸುವುದು, ಉದ್ಘಾಟನೆಗೆ ಗಣ್ಯರನ್ನು ಕರೆತರುವುದು, ಇವೆಲ್ಲವೂ ಪಿ.ಡಿ. ಸರ್ ಹೆಗಲಿಗೆ ಬೀಳುತ್ತವೆ. ಭಾಗವಹಿಸುವ ತಂಡಗಳಿಗಾದರೋ ಅರ್ಹತಾ ಫಾರಂ ಎಂಬುದೇ ಮೊದಲ ಎದುರಾಳಿ. ಎಸ್ಸೆಸ್ಸೆಲ್ಸಿಯ ಅಂಕಪಟ್ಟಿಯಿಂದ ಜನ್ಮದಿನಾಂಕ, ಪಿ.ಯು.ಸಿ. ತೇರ್ಗಡೆಯಾದ ವರ್ಷ, ಭಾವಚಿತ್ರ, ಪ್ರಾಂಶುಪಾಲರ ಸಹಿ, ಮೊಹರು ಎಲ್ಲವೂ ಸರಿಯಾಗಿದ್ದಲ್ಲದೆ ಆಟಗಾರನು ಗೆರೆಯೊಳಗೆ ಕಾಲಿಡುವಂತಿಲ್ಲ. ವಯಸ್ಸು 17 ತುಂಬಿರಬೇಕು, 25 ದಾಟಿರಬಾರದು.

ಅನಂತರ ಪಂದ್ಯಗಳು; ಕಬಡ್ಡಿಯನ್ನೇ ನೋಡೋಣ. ತಂಡಗಳು ಹೆಚ್ಚಾಗಿದ್ದರೆ ಮೊದಲು ಸೋತವರು ಮನೆಗೆ ಮರಳುವ ನಾಕೌಟ್, ಕೊನೆಯ ನಾಲ್ವರಲ್ಲಿ ಲೀಗ್ ಎಂಬುದು ವಾಡಿಕೆ. ಒಂದೆರಡು ದಿನಗಳಲ್ಲಿ ಎಲ್ಲವೂ ಮುಗಿಯುವುದರಿಂದ, ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ದೀಪ ಹಚ್ಚಿದ ಮೇಲೆ ಮತ್ತೊಂದು ಪಂದ್ಯವನ್ನು ಅದೇ ಏಳು ಮಂದಿ ಆಡಬೇಕಾಗಿ ಬರುವುದುಂಟು. ಬದಿಯಲ್ಲಿ ಕುಳಿತ ಆಯ್ಕೆಗಾರರ ಕಣ್ಣು ತಂಡದ ಗೆಲವಿಗಿಂತ ಒಬ್ಬೊಬ್ಬ ಆಟಗಾರನ ಮೇಲೆ ನೆಟ್ಟಿರುತ್ತದೆ. ಏಕೆಂದರೆ ಸೋತು ಹೋದ ಕಾಲೇಜಿನಿಂದಲೂ ಒಬ್ಬ ಒಳ್ಳೆಯ ದಾಳಿಗಾರನನ್ನು ವಿಶ್ವವಿದ್ಯಾನಿಲಯದ ತಂಡಕ್ಕೆ ಆರಿಸಿಕೊಳ್ಳುವುದು ಅವರ ಕರ್ತವ್ಯ. ಹಾಗೆ ಆಯ್ಕೆಯಾದವನನ್ನು ‘ಬ್ಲೂ’ ಎನ್ನುತ್ತಾರೆ. ತರಬೇತಿ ಶಿಬಿರ, ಹೊಸ ಟ್ರ್ಯಾಕ್ ಸೂಟ್, ರೈಲಿನ ಪ್ರಯಾಣ, ದಕ್ಷಿಣ ವಲಯದ ಪಂದ್ಯಾವಳಿ. ಅಲ್ಲಿ ಮೊದಲ ನಾಲ್ಕರಲ್ಲಿ ಒಂದಾದರೆ ಅಖಿಲ ಭಾರತ ಮಟ್ಟ. ಇದರ ಮೇಲ್ವಿಚಾರಣೆ 1925ರಲ್ಲಿ ಸ್ಥಾಪಿತವಾಗಿ 1973ರಲ್ಲಿ ಈಗಿನ ಹೆಸರನ್ನು ಪಡೆದ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘದ್ದು.

ಕಬಡ್ಡಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಲು ಕಾರಣವಿದೆ: ಖರ್ಚಿಲ್ಲದೆ ಬಡ ಕಾಲೇಜೂ ತಂಡ ಕಟ್ಟಬಹುದಾದ ಆಟ ಅದು. ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ನೆಲ. ಹುಡುಗಿಯರಿಗಾದರೆ ಹನ್ನೆರಡು, ಎಂಟು. ಹುಡುಗರ ಪಂದ್ಯಕ್ಕೆ ಇಪ್ಪತ್ತಿಪ್ಪತ್ತು ನಿಮಿಷಗಳ ಎರಡು ಅವಧಿ. ಒಂದು ದಾಳಿಗೆ ಮೂವತ್ತು ಸೆಕೆಂಡು. ಹುಡುಗರ ದೇಹದ ತೂಕ 85 ಕಿಲೋ ಮೀರಬಾರದೆಂಬ ನಿಯಮವಿರುವುದರಿಂದ ಪಂದ್ಯದ ಮುನ್ನಾದಿನ ರಾತ್ರಿಯ ಊಟವನ್ನು ಬಿಟ್ಟು, ಮೈಬೆವರು ಬರುವಂತೆ ಓಡಿ ತೂಕ ಇಳಿಸುವ, ಅಂಕಣದ ಮೂಲೆ ಕಾಯುವ ಕಾರ್ನರ್ ಆಟಗಾರರು ಎಲ್ಲ ತಂಡದಲ್ಲಿಯೂ ಒಬ್ಬರಿಬ್ಬರಿರುತ್ತಾರೆ. ಈಚೆಗೆ ದೊಡ್ಡ ಪಂದ್ಯಗಳೆಲ್ಲ ಮ್ಯಾಟಿನ ಮೇಲೆ ನಡೆಯುತ್ತಿರಲಾಗಿ, ಊರಿನ ಮಣ್ಣಿನಲ್ಲಿ ಬರಿಗಾಲಿನಲ್ಲಿ ಕಲಿತವನು ಬೂಟು ತೊಟ್ಟು ಮ್ಯಾಟಿನ ಮೇಲೆ ಹೆಜ್ಜೆ ಹಿಡಿಯುವುದನ್ನು ಮತ್ತೊಮ್ಮೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಮಣ್ಣಿನಲ್ಲಿ ಜಾರಿ ತಪ್ಪಿಸಿಕೊಳ್ಳುವ ಕಾಲು ಮ್ಯಾಟಿನಲ್ಲಿ ಕಚ್ಚಿಕೊಂಡುಬಿಡುತ್ತದೆ.

ಮೈಕಟ್ಟಿನ ಈ ವಿದ್ಯೆಗೆ ದಾವಣಗೆರೆಯಲ್ಲಿ ಕಾಲೇಜಿಗಿಂತ ಹಳೆಯದಾದ ಗುರುಪರಂಪರೆಯೂ ಇದೆ. ಹಳೇಪೇಟೆಯ ಗರಡಿಮನೆಗಳು, ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿ, ಸರ್ಕಾರದ ಕ್ರೀಡಾನಿಲಯದ ಕುಸ್ತಿ ತರಬೇತಿ, ಇವುಗಳ ಫಲವಾಗಿ ಊರಿಗೆ ತೊಡೆ ತಟ್ಟುವ ಅಭ್ಯಾಸ ರಕ್ತಗತವಾಗಿದೆ. ಇಲ್ಲಿ ಪಳಗಿದ ಅರ್ಜುನ್ ಹಲಕುರ್ಕಿ 2020ರ ಏಷ್ಯನ್ ಕುಸ್ತಿ ಸ್ಪರ್ಧೆಯಲ್ಲಿ ಗ್ರೀಕೋ ರೋಮನ್ ಶೈಲಿಯ 55 ಕಿಲೋ ವಿಭಾಗದಲ್ಲಿ ಕಂಚು ಗೆದ್ದುದನ್ನೂ, ‘ದಾವಣಗೆರೆ ಎಕ್ಸ್‌ಪ್ರೆಸ್’ ಎನಿಸಿಕೊಂಡ ಕ್ರಿಕೆಟಿಗ ವಿನಯ್ ಕುಮಾರ್ 2013-14, 2014-15ರಲ್ಲಿ ನಾಯಕನಾಗಿ ಕರ್ನಾಟಕಕ್ಕೆ ಎರಡು ಬಾರಿ ರಣಜಿ ಟ್ರೋಫಿ ತಂದುದನ್ನೂ ಊರು ಮರೆತಿಲ್ಲ. ಆದರೆ ಅಂಥವರು ಪೀಳಿಗೆಗೆ ಒಬ್ಬಿಬ್ಬರು. ಮಿಕ್ಕ ಸಾವಿರ ಮಂದಿಯ ಆಟ ಕಾಲೇಜಿನೊಂದಿಗೇ ಮುಗಿಯುತ್ತದೆ. ಹಾಗೆ ಮುಗಿಯುವ ಆಟಕ್ಕೆ ಬೆಲೆಯೇನು ಎಂಬ ಪ್ರಶ್ನೆ ಸಹಜವಾದದ್ದು.

ಈ ಪ್ರಶ್ನೆಯನ್ನು ಅಮೆರಿಕದವರು, ನಮ್ಮ ಕಾಲ್ಚೆಂಡಿಗಿಂತ ಬೇರೆಯಾದ, ತಮ್ಮ ಕಾಲೇಜು ಫುಟ್‌ಬಾಲಿನ ವಿಷಯದಲ್ಲಿ ಬಹು ಹಿಂದೆಯೇ ಕೇಳಿಕೊಂಡರು. 1869ರ ನವೆಂಬರ್ 6ರಂದು ರಟ್ಗರ್ಸ್, ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಪ್ರಾರಂಭವಾದ ಆ ಆಟವು ಬೆಳೆದು ಉಗ್ರವಾಗಿ, 1905ರಲ್ಲಿ ವಿದ್ಯಾರ್ಥಿಗಳ ಸಾವುಗಳಿಗೆ ಕಾರಣವಾಗಲು, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ನಡುವೆ ಬಂದು ಸುಧಾರಣೆಯನ್ನು ಒತ್ತಾಯಿಸಿದರು; ಮರುವರ್ಷ ಕಾಲೇಜುಗಳ ಕ್ರೀಡಾಸಂಘ ಹುಟ್ಟಿತು. ಕಾಲಕ್ರಮದಲ್ಲಿ ದೊಡ್ಡ ವಿಶ್ವವಿದ್ಯಾನಿಲಯಗಳ ಫುಟ್‌ಬಾಲು ಕೋಟ್ಯಂತರ ಡಾಲರುಗಳ ವ್ಯಾಪಾರವಾಗುತ್ತ ಬರಲಾಗಿ, 1973ರಲ್ಲಿ ಆ ಸಂಘವು ಕಾಲೇಜುಗಳನ್ನು ಮೂರು ಶ್ರೇಣಿಗಳಾಗಿ ವಿಂಗಡಿಸಿತು. ಮೂರನೆಯ ಶ್ರೇಣಿಯ ಮುಖ್ಯ ನಿಯಮ ಸರಳವಾದದ್ದು: ಆಟಕ್ಕಾಗಿ ಯಾರಿಗೂ ವಿದ್ಯಾರ್ಥಿವೇತನವಿಲ್ಲ. ಅಲ್ಲಿ ಹತ್ತು ಪಂದ್ಯಗಳ ಋತುವನ್ನು ಆಡುವವನು, ಮುಂದೆ ವಕೀಲನೋ ಉಪಾಧ್ಯಾಯನೋ ಆಗಲಿರುವ ಸಾಮಾನ್ಯ ವಿದ್ಯಾರ್ಥಿ.

ಮೂರನೆಯ ಶ್ರೇಣಿ ಎಂದಮಾತ್ರಕ್ಕೆ ಅದು ಸತ್ವಹೀನವೆಂದು ತಿಳಿಯಬಾರದು. ಒಹಾಯೊದ ಅಲಯನ್ಸ್ ಎಂಬ ಚಿಕ್ಕ ಪಟ್ಟಣದ ಮೌಂಟ್ ಯೂನಿಯನ್ ಈ ಶ್ರೇಣಿಯ ಪ್ರಶಸ್ತಿಯನ್ನು 1993ರಿಂದ 2017ರ ನಡುವೆ 13 ಬಾರಿ ಗೆದ್ದಿದೆ. ಮಿನೆಸೋಟದ ಸೇಂಟ್ ಜಾನ್ಸ್ ಕಾಲೇಜಿನ ತರಬೇತುದಾರ ಜಾನ್ ಗಲಾರ್ಡಿಯವರ ರೀತಿಯಂತೂ ಸ್ವಾರಸ್ಯಕರ: ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ನೆಲಕ್ಕೆ ಕೆಡಹುವಂತಿಲ್ಲ, ಸೀಟಿ ಊದುವಂತಿಲ್ಲ, ಅವರನ್ನು ಕೋಚ್ ಎಂದು ಕರೆಯುವಂತಿಲ್ಲ, ‘ಜಾನ್’ ಎಂದರೆ ಸಾಕು. ಅಂಥವರು 2012ರಲ್ಲಿ ನಿವೃತ್ತರಾಗುವ ಹೊತ್ತಿಗೆ 64 ಋತುಗಳಲ್ಲಿ 489 ಪಂದ್ಯಗಳನ್ನು ಗೆದ್ದಿದ್ದರು.

ಎರಡು ನಾಡುಗಳ ಈ ಎರಡು ಋತುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಕೆಲವು ವಿಷಯಗಳಲ್ಲಿ ನಮ್ಮದೇ ಮೇಲೆಂದು ತೋರುತ್ತದೆ. ಅವರ ಫುಟ್‌ಬಾಲು ಬಹುಮಟ್ಟಿಗೆ ಪುರುಷರ ಆಟ. ನಮ್ಮ ಕಬಡ್ಡಿಯ ಅಂಕಣಕ್ಕೆ ದಾವಣಗೆರೆಯ ಎ.ವಿ.ಕೆ. ಮಹಿಳಾ ಕಾಲೇಜಿನಂಥ ಕಡೆಗಳಿಂದ ಹುಡುಗಿಯರೂ ಅಷ್ಟೇ ಹಕ್ಕಿನಿಂದ ಇಳಿಯುತ್ತಾರೆ. ಅವರಲ್ಲಿ ಶಿರಸ್ತ್ರಾಣ ಭುಜಕವಚಗಳಿಲ್ಲದೆ ಆಟವೇ ಇಲ್ಲ. ನಮ್ಮಲ್ಲಿ ಚಡ್ಡಿ ಬನಿಯನ್ನು ಸಾಕು. ನಮ್ಮ ಆಟಗಾರನ ಮನಸ್ಸಿನಲ್ಲಿ ಪೊಲೀಸ್ ಇಲಾಖೆಯದೋ ರೈಲ್ವೆಯದೋ ಉದ್ಯೋಗದ ಆಸೆ ಇರುವುದನ್ನು ಮುಚ್ಚಿಡಬೇಕಾಗಿಲ್ಲ. ಹೊಟ್ಟೆಯ ಯೋಚನೆಯಿಂದ ಆಟದ ಶುದ್ಧಿ ಕೆಡುವುದೆಂಬುದು ಹೊಟ್ಟೆ ತುಂಬಿದವರ ಮಾತು. ಆದರೆ ಒಂದು ವಿಷಯದಲ್ಲಿ ಮಾತ್ರ ನಾವು ಬಹಳ ಹಿಂದಿದ್ದೇವೆ, ಅದು ಲೆಕ್ಕ ಇಡುವ ವಿಷಯ. ಗಲಾರ್ಡಿಯವರ 489 ಗೆಲವುಗಳನ್ನು ನಾನು ಇಷ್ಟು ದೂರದಲ್ಲಿ ಕುಳಿತು ಬರೆಯಬಲ್ಲೆನಾದರೆ ಅದಕ್ಕೆ ಕಾರಣ, ಆ ಸಣ್ಣ ಕಾಲೇಜುಗಳು ಪ್ರತಿಯೊಂದು ಪಂದ್ಯದ ದಿನಾಂಕ, ಅಂಕ, ಆಟಗಾರರ ಹೆಸರುಗಳನ್ನು ದಶಕಗಳಿಂದ ಬರೆದಿಟ್ಟು ಎಲ್ಲರಿಗೂ ತೆರೆದಿಟ್ಟಿರುವುದು. ಹರಿಹರದ ಎಸ್.ಜೆ.ವಿ.ಪಿ. ಕಾಲೇಜಿನ ತಂಡವು ಇಪ್ಪತ್ತು ವರ್ಷದ ಹಿಂದೆ ಯಾರನ್ನು ಸೋಲಿಸಿತು ಎಂದು ತಿಳಿಯಬಯಸುವವನು ಅಂದಿನ ಆಟಗಾರರ ನೆನಪನ್ನೋ ‘ಜನತಾವಾಣಿ’ಯ ಹಳೆಯ ಸಂಚಿಕೆಗಳನ್ನೋ ಶೋಧಿಸಬೇಕಾಗುತ್ತದೆ.

ಆಟವು ವಿದ್ಯೆಯ ಅಂಗವೆಂದು ನಾವು ನಿಜವಾಗಿ ನಂಬುವುದಾದರೆ, ಪರೀಕ್ಷೆಯ ಫಲಿತಾಂಶಕ್ಕೆ ಸಲ್ಲುವ ಗೌರವವು ಪಂದ್ಯದ ಫಲಿತಾಂಶಕ್ಕೂ ಸಲ್ಲಬೇಕು. ಕಾಲೇಜಿನೊಂದಿಗೇ ಮುಗಿಯುವ ಆಟಕ್ಕೆ ಬೆಲೆ ಬರುವುದು, ಅದು ಹಿಂದಿನವರ ಆಟದ ಮುಂದುವರಿಕೆಯೆಂದು ಆಡುವವನಿಗೆ ತಿಳಿದಾಗ. ತನ್ನ ಕಾಲೇಜಿನ ಎಡಗಡೆಯ ಕಾರ್ನರಿನಲ್ಲಿ ಮೊದಲು ಯಾರು ಯಾರು ನಿಂತಿದ್ದರೆಂದು ಬಲ್ಲ ಹುಡುಗ ಅಲ್ಲಿ ಬೇರೆಯ ರೀತಿಯಲ್ಲಿಯೇ ನಿಲ್ಲುತ್ತಾನೆ. ಇದಕ್ಕೆ ಹೊಸ ಕ್ರೀಡಾಂಗಣವಾಗಲಿ ದೊಡ್ಡ ಅನುದಾನವಾಗಲಿ ಬೇಕಾಗಿಲ್ಲ. ಪಂದ್ಯ ಮುಗಿದೊಡನೆ ತೀರ್ಪುಗಾರರು ಸಹಿ ಹಾಕುವ ಅಂಕಪತ್ರದ ಒಂದು ಪ್ರತಿಯನ್ನು ಆತಿಥೇಯ ಕಾಲೇಜು ತನ್ನ ಗ್ರಂಥಾಲಯದಲ್ಲಿ ಕಟ್ಟು ಹಾಕಿಸಿಡಲಿ, ಮತ್ತೊಂದನ್ನು ಶಿವಗಂಗೋತ್ರಿಗೆ ಕಳುಹಿಸಲಿ. ಬರುವ ಋತುವಿನ ಮೊದಲ ಪಂದ್ಯದಿಂದಲೇ ಇದನ್ನು ಪ್ರಾರಂಭಿಸಬಹುದು, ಮತ್ತು ಪ್ರಾರಂಭಿಸಲು ಒಬ್ಬ ಪಿ.ಡಿ. ಸರ್, ಒಬ್ಬ ಗ್ರಂಥಪಾಲಕರು ಮನಸ್ಸು ಮಾಡಿದರೆ ಸಾಕು.