ಹನ್ನೆರಡು ಚಿತ್ರಗಳ ಪೆಟ್ಟಿಗೆ

ಹಳೆಯ ಸಾಮಾನಿನವನಿಂದ ನಾನು ಕೊಂಡದ್ದು ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಕ್ಯಾಮೆರಾ. 120ರ ಸುರುಳಿಯೊಂದಕ್ಕೆ 12 ಚಿತ್ರ ಮಾತ್ರ. ಮೊಬೈಲಿನಲ್ಲಿ ನೂರು ತೆಗೆದು ತೊಂಬತ್ತು ಅಳಿಸುವ ನನ್ನಂಥವನಿಗೆ ಈ ಜಿಪುಣತನವೇ ಗುರುವಾಯಿತು. 1656ರ ಗೋಳಗುಮ್ಮಟವನ್ನು ಎಲ್ಲರೂ ತೆಗೆಯುತ್ತಾರೆ. ನಾನು ಅದಕ್ಕೆ ಬೆನ್ನು ಮಾಡಿ ನಿಂತು, ಟಾಂಗಾದ ಕುದುರೆಗೆ ಮೇವು ಹಾಕುವವನನ್ನು ತೆಗೆದೆ. ತಿಕೋಟಾದ ಒಣದ್ರಾಕ್ಷಿಯ ಶೆಡ್ಡಿಗೂ ಹೋಗಿ, ಬಲೆಯ ಮೇಲೆ ಗೊಂಚಲು ಹರಡುವ ಕೈಗಳನ್ನು ತೆಗೆದೆ.

ಹನ್ನೆರಡನೆಯದನ್ನು ಅವ್ವನಿಗೆಂದು ಉಳಿಸಿದ್ದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಗುಂಡಿಯನ್ನೊತ್ತಿದೆ. ಸುರುಳಿ ತೊಳೆದು ಬಂದಾಗ ಆ ಚೌಕವೊಂದು ಬರಿದು! ಫಿಲ್ಮಿನ ಮೇಲಿನ ಬೆಳ್ಳಿಯ ಲವಣದ ಕಣಗಳು ಬೆಳಕು ತಾಗಿದಲ್ಲಿ ಮಾತ್ರ, ಔಷಧದಲ್ಲಿ ತೊಳೆಯುವಾಗ ಕಪ್ಪಾಗುತ್ತವೆ. ಕ್ಯಾಮೆರಾದ ಕಣ್ಣೋ, ನಾವು ರೆಪ್ಪೆ ಬಡಿಯುವುದಕ್ಕಿಂತ ಬೇಗ ತೆರೆದು ಮುಚ್ಚುತ್ತದೆ. ಅಷ್ಟರಲ್ಲಿ ಅದಕ್ಕೆ ಬೇಕಾದಷ್ಟು ಬೆಳಕು ಕಿಟಕಿಯಿಲ್ಲದ ನಮ್ಮ ಅಡಿಗೆಮನೆಯಲ್ಲಿ ಎಲ್ಲಿಯದು?

ಮುಂದಿನ ಸುರುಳಿಯಲ್ಲಿ ಮೊದಲನೆಯದೇ ಅವ್ವನದು. “ಹಳೇ ಸೀರ್ಯಾಗ ಬ್ಯಾಡೋ ತಮ್ಮಾ” ಎನ್ನುತ್ತಿದ್ದಂತೆಯೇ ಕಟ್ಟೆಯ ಬಿಸಿಲಿಗೆ ಕರೆತಂದೆ. ರೇಶನ್ ಕಾರ್ಡಿನದನ್ನು ಬಿಟ್ಟರೆ ಅವಳ ಚಿತ್ರ ನಮ್ಮ ಮನೆಯಲ್ಲಿರುವುದು ಇದೊಂದೇ. ಹಿಟ್ಟು ಮೆತ್ತಿದ ಕೈಯನ್ನು ಹಣೆಗೆ ಅಡ್ಡ ಹಿಡಿದಿದ್ದಾಳೆ.